ಬಿಲ್ಲಿಗೆ ಮರ ಆರಿಸುವುದು: ಹಲಗೆಯೋ, ಹಸಿ ದಿಮ್ಮಿಯೋ, ಬಿದಿರೋ?

ಬಿಲ್ಲು ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು "ಯಾವ ಮರ ಒಳ್ಳೇದು?" ಅಂತ. ಸ್ವಲ್ಪ ದಿನ ಬಿಟ್ಟು ಅವರೇ ಮತ್ತೆ ಬರುತ್ತಾರೆ. ಆಗ ಪ್ರಶ್ನೆ ಬೇರೆ ಇರುತ್ತದೆ. ಒಬ್ಬರಿಗೆ ಯಾರೋ ಹಸಿ ದಿಮ್ಮಿ ಕೊಟ್ಟಿರುತ್ತಾರೆ. ಅದು ಒಣಗಲು ಎರಡು ವರ್ಷ ಬೇಕು ಅಂತ ಕೇಳಿ ಕೈಚೆಲ್ಲಿರುತ್ತಾರೆ. ಇನ್ನೊಬ್ಬರು ಒಳ್ಳೆ ಹಲಗೆ ನೋಡಿ ಬಂದಿರುತ್ತಾರೆ, ಹಲಗೆಯ ಬಿಲ್ಲು ಮುರಿದೇ ಮುರಿಯುತ್ತದೆ ಅಂತ ಯಾರೋ ಹೆದರಿಸಿರುತ್ತಾರೆ. ಮತ್ತೊಬ್ಬರಿಗೆ ಒಣಗಿಸಿ ಸಿದ್ಧಮಾಡಿದ ಸೀಳು, ಅಂದರೆ ದಿಮ್ಮಿಯನ್ನು ಉದ್ದಕ್ಕೆ ಸೀಳಿ ತೆಗೆದ ಒಂದು ಬಿಲ್ಲಿನಷ್ಟು ತುಂಡು, ಕೊಳ್ಳುವಷ್ಟು ದುಡ್ಡಿದೆ, ಆದರೆ ಮೊದಲ ಬಿಲ್ಲಿಗೇ ಅಷ್ಟು ಹಾಕಬೇಕಾ ಅನ್ನುವ ಗೊಂದಲ.

ನನ್ನ ಅನುಭವದಲ್ಲಿ ಮರದ ಹೆಸರು ಮೂರನೇ ಪ್ರಶ್ನೆ. ಮೊದಲನೆಯದು, ಬಿಲ್ಲಿನ ಬೆನ್ನ ಮೇಲೆ ನಾರು ಕಡಿಯದೆ ಇದೆಯಾ? ಎರಡನೆಯದು, ಮರ ಹದವಾಗಿ ಒಣಗಿದೆಯಾ? ಇವೆರಡೂ ಸರಿ ಇದ್ದರೆ ಸಾಧಾರಣ ಮರವೂ ವರ್ಷಗಟ್ಟಲೆ ಬಾಣ ಬಿಡುತ್ತದೆ. ಹಾಗಾಗಿ ಮರದ ಹೆಸರು ಬದಿಗಿಟ್ಟು, ಮರ ನಿಮ್ಮ ಕೈಗೆ ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದರಿಂದ ಶುರು ಮಾಡೋಣ.

ಮೊದಲು ಅಳೆಯುವ ಕ್ರಮ

ಬಿಲ್ಲಿಗೆ ಎರಡು ಮುಖ. ಗುರಿಯ ಕಡೆ ಇರುವುದು ಬೆನ್ನು. ನಿಮ್ಮ ಕಡೆ ಇರುವುದು ಹೊಟ್ಟೆ. ಹೆದೆ ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಮುರಿಯುವ ಬಿಲ್ಲುಗಳಲ್ಲಿ ಹೆಚ್ಚಿನವು ಬೆನ್ನಿನಿಂದಲೇ ಮುರಿಯುತ್ತವೆ. ಮರದ ನಾರು ಉದ್ದಕ್ಕೆ ಎಳೆದರೆ ಬಹಳ ತಾಳುತ್ತದೆ. ಆದರೆ ಆ ನಾರು ಬೆನ್ನಿನ ಮಧ್ಯೆ ಎಲ್ಲೋ ಕಡಿದು ಮೇಲ್ಮೈಗೆ ಬಂದು ನಿಂತಿದ್ದರೆ, ಅಲ್ಲಿಂದ ಒಂದು ಚೂರು ಏಳುತ್ತದೆ. ಆ ಚೂರೇ ಬಿರುಕಾಗುತ್ತದೆ. ಅದಕ್ಕೇ ನಾರು ತುದಿಯಿಂದ ತುದಿಗೆ ಕಡಿಯದೆ ಸಾಗಬೇಕು.

ಎರಡನೇ ಅಳತೆ ತೇವ. ಕೆಲಸಕ್ಕೆ ಹದವಾದ ತೇವ ಶೇಕಡಾ 8ರಿಂದ 10. ಶೇಕಡಾ 12 ದಾಟಿದರೆ ಬಿಲ್ಲು ಮುರಿಯುವುದು ಕಡಿಮೆ. ಆದರೆ ಹೊಟ್ಟೆಯ ಕಡೆಯ ನಾರು ಕುಗ್ಗಿ ಹಾಗೇ ಉಳಿಯುತ್ತದೆ. ಹೆದೆ ಬಿಚ್ಚಿದ ಮೇಲೂ ಬಿಲ್ಲು ಬಾಗಿಯೇ ಇರುತ್ತದೆ, ಹೊಡೆತ ಮಂಕಾಗುತ್ತದೆ. ಶೇಕಡಾ 6ಕ್ಕಿಂತ ಕೆಳಗೆ ಇಳಿದರೆ ಮರ ಪೆಡಸಾಗುತ್ತದೆ, ಬೆನ್ನು ಸಿಡಿಯುವ ಭಯ ಜಾಸ್ತಿ.

ಮೂರನೆಯದು ಮರದ ಸಾಂದ್ರತೆ. ಬಿಲ್ಲಿನ ಅಗಲವನ್ನು ತೀರ್ಮಾನಿಸುವುದು ಇದೇ. ಭಾರದ ಮರವಾದರೆ ತೋಳುಗಳು, ಅಂದರೆ ಹಿಡಿಯ ಎರಡೂ ಕಡೆ ಬಾಗುವ ಭಾಗಗಳು, ಕಿರಿದಾಗಿರಬಹುದು. ಹಗುರ ಮರವಾದರೆ ಅಗಲವಾಗಿ, ಚಪ್ಪಟೆಯಾಗಿ ಮಾಡಬೇಕು. ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಅಗಲ ಎರಡು ಪಟ್ಟಾದರೆ ಬಿಲ್ಲಿನ ಬಿಗಿ ಎರಡು ಪಟ್ಟಾಗುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ದಪ್ಪ ಹೆಚ್ಚಿದಷ್ಟೂ ಬೆನ್ನು, ಹೊಟ್ಟೆ ಎರಡರ ಮೇಲೂ ಒತ್ತಡ ಏರುತ್ತದೆ. ಹಗುರ ಮರ ಆ ಒತ್ತಡ ತಾಳುವುದಿಲ್ಲ. ಅದಕ್ಕೆ ಅಗಲ ಕೊಟ್ಟು ದಪ್ಪ ಇಳಿಸಬೇಕು.

ಉಳಿದದ್ದು ನಿಮ್ಮ ಕಡೆಯದ್ದು. ಎಷ್ಟು ದಿನ ಕಾಯಬಲ್ಲಿರಿ? ಕೈಯಲ್ಲಿ ಏನೇನು ಸಾಮಾನಿದೆ? ಹಾಳಾದರೆ ಎಷ್ಟು ನಷ್ಟ ತಡೆಯಬಲ್ಲಿರಿ? ಈ ಕೊನೆಯದನ್ನು ಜನ ಕೇಳಿಕೊಳ್ಳುವುದೇ ಇಲ್ಲ. ಮೊದಲ ಮೂರು ಬಿಲ್ಲುಗಳಲ್ಲಿ ಒಂದಾದರೂ ಮುರಿಯುತ್ತದೆ ಅಂತ ಇಟ್ಟುಕೊಂಡೇ ಲೆಕ್ಕ ಹಾಕಿ.

ಒಂದು ಪರೀಕ್ಷೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಎಲ್ಲ ದಾರಿಗೂ ಬೇಕಾಗುತ್ತದೆ. ನೀವು ಬಳಸಬೇಕೆಂದಿರುವ ಮರದಿಂದಲೇ ಒಂದು ಅಡಿ ಉದ್ದದ, ಬೆರಳಿಗಿಂತ ಸಣ್ಣ ಕಡ್ಡಿಯನ್ನು ಸೀಳಿ ತೆಗೆಯಿರಿ. ಗರಗಸದಿಂದ ಕೊಯ್ಯಬೇಡಿ, ಸೀಳಿ. ಒಣಗಿದ ಮೇಲೆ ಅದನ್ನು ಕೈಯಲ್ಲಿ ಬಾಗಿಸಿ ಮುರಿಯಿರಿ. ಮುರಿದ ಜಾಗದಲ್ಲಿ ಉದ್ದುದ್ದ ನಾರು ಎದ್ದು, ಎರಡು ತುಂಡೂ ಇನ್ನೂ ಅಂಟಿಕೊಂಡೇ ಇದ್ದರೆ ಮರ ಒಳ್ಳೆಯದು. ಸೀಮೆಸುಣ್ಣದ ಹಾಗೆ ಚಟ್ಟನೆ ನೇರ ಮುರಿದರೆ ಅದು ಎಷ್ಟೇ ಹೆಸರುವಾಸಿ ಮರವಾದರೂ ಬಿಡಿ.

ಹಲಗೆ

ಮೊದಲ ಬಿಲ್ಲು ಮಾಡುವವರಿಗೆ ನಾನು ಸೂಚಿಸುವುದು ಹಲಗೆಯನ್ನೇ. ಕಾರಣ ಸರಳ. ಅದು ಆಗಲೇ ಒಣಗಿರುತ್ತದೆ, ನಾಲ್ಕೂ ಮುಖ ಚೌಕವಾಗಿರುತ್ತದೆ. ಒಂದು ಗರಗಸ, ಒಂದು ಒರಟು ಅರ, ಒಂದು ಕೀಸುವ ತಗಡು ಇದ್ದರೆ ಕೆಲಸ ಶುರು. ಹಾಳಾದರೆ ಹೋಗುವುದು ಒಂದು ಹಲಗೆ, ಕೆಲವು ಸಂಜೆಗಳು.

ತೊಂದರೆ ಇರುವುದು ನಾರಿನಲ್ಲಿ. ದಿಮ್ಮಿಯನ್ನು ಸೀಳಿದಾಗ ಬಿರುಕು ನಾರಿನ ಜೊತೆಗೇ ಹೋಗುತ್ತದೆ. ಗರಗಸ ಹಾಗಲ್ಲ, ಅದು ತನ್ನ ಗೆರೆಯಲ್ಲಿ ಹೋಗುತ್ತದೆ. ನಾರು ಎತ್ತಲೋ ತಿರುಗಿದ್ದರೂ ಕೊಯ್ದುಬಿಡುತ್ತದೆ. ಹೀಗಾಗಿ ನೂರು ಹಲಗೆ ಇದ್ದರೂ ಬಿಲ್ಲಿಗೆ ಆಗುವುದು ನಾಲ್ಕೋ ಐದೋ. ಹಲಗೆಯ ಬಿಲ್ಲು ಮುರಿಯುತ್ತದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಆರಿಸದೆ ತಂದ ಹಲಗೆಯ ಕಥೆ ಹೇಳುತ್ತಿದ್ದಾರೆ, ಅಷ್ಟೆ.

ಆರಿಸುವುದು ಹೇಗೆ? ಸುಮಾರು 180 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪದ ತುಂಡು ಹುಡುಕಿ. ಅಗಲದ ಮುಖ ನೋಡಿ. ಗೆರೆಗಳು ರೈಲು ಹಳಿಯಂತೆ ತುದಿಯಿಂದ ತುದಿಗೆ ಓಡಬೇಕು. ಬಾಣದ ಮೊನೆಯಂತೆ, ಕಮಾನಿನಂತೆ ಕೂಡುವ ಗೆರೆಗಳಿದ್ದರೆ ಅಲ್ಲಿ ಉಂಗುರಗಳು, ಅಂದರೆ ಮರ ವರ್ಷ ವರ್ಷ ಬೆಳೆದ ಪದರಗಳು, ಕಡಿದಿವೆ ಅಂತ ಅರ್ಥ. ಅದನ್ನು ವಾಪಸ್ ಇಡಿ. ಆಮೇಲೆ ಅಂಚು ನೋಡಿ. ಅಲ್ಲಿಯೂ ಗೆರೆ ನೇರವಾಗಿ ಓಡಬೇಕು. ನಾನು ಪಾಲಿಸುವ ನಿಯಮ ಇದು: ಒಂದು ತೋಳಿನ ಉದ್ದದಲ್ಲಿ ಒಂದಕ್ಕಿಂತ ಹೆಚ್ಚು ಗೆರೆ ಅಂಚಿನಿಂದ ಹೊರಗೆ ಜಾರಿದರೆ ಆ ಹಲಗೆ ಬೇಡ. ಗಂಟು ಒಂದೂ ಇರಬಾರದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಉಂಗುರದ ಗೆರೆ ಬೇರೆ, ನಾರಿನ ದಿಕ್ಕು ಬೇರೆ. ಉಂಗುರ ನೇರ ಕಂಡರೂ ನಾರು ಓರೆ ಇರಬಹುದು, ಮರ ಬೆಳೆಯುವಾಗ ತಿರುಪಿಕೊಂಡಿದ್ದರೆ ಹಾಗಾಗುತ್ತದೆ. ಓಕ್, ಆಶ್ ತರಹದ ಮರಗಳ ಮೇಲ್ಮೈಯಲ್ಲಿ ಸೂಜಿಯಿಂದ ಗೀರಿದಂತೆ ಸಣ್ಣ ಸಣ್ಣ ರಂಧ್ರದ ಗೆರೆಗಳು ಕಾಣುತ್ತವೆ. ನಾರಿನ ನಿಜವಾದ ದಿಕ್ಕು ಅದು. ಉಷ್ಣವಲಯದ ಎಷ್ಟೋ ಮರಗಳಲ್ಲಿ ಉಂಗುರ ಸರಿಯಾಗಿ ಕಾಣುವುದೇ ಇಲ್ಲ. ಜೊತೆಗೆ ನಾರು ಒಂದು ಪದರದಲ್ಲಿ ಈ ಕಡೆ, ಮುಂದಿನದರಲ್ಲಿ ಆ ಕಡೆ ವಾಲಿ ಹೆಣೆದುಕೊಂಡಿರುತ್ತದೆ. ಅಂಥ ಮರದಲ್ಲಿ ಕಣ್ಣನ್ನು ನಂಬಬೇಡಿ. ತುದಿಯಿಂದ ಒಂದು ಚೂರು ಸೀಳಿ ನೋಡಿ. ಸೀಳು ಹೋದ ದಾರಿಯೇ ನಾರಿನ ದಾರಿ.

ಬೆನ್ನಿಗೆ ನಾರುಬಟ್ಟೆ ಅಥವಾ ಹದ ಮಾಡದ ಚರ್ಮ ಅಂಟಿಸಿದರೆ ಹಲಗೆ ಉಳಿಯುತ್ತದೆಯಾ? ಒಳ್ಳೆ ಹಲಗೆಗೆ ಅದು ಭದ್ರತೆ ಕೊಡುತ್ತದೆ. ಸಣ್ಣ ಚೂರು ಏಳುವುದನ್ನು ತಡೆಯುತ್ತದೆ, ಒಂದು ವೇಳೆ ಮುರಿದರೂ ತುಂಡು ಮುಖಕ್ಕೆ ಹಾರುವುದಿಲ್ಲ. ಕೆಟ್ಟ ಹಲಗೆಯನ್ನು ಮಾತ್ರ ಅದು ಉಳಿಸುವುದಿಲ್ಲ.

ಇನ್ನೊಂದು ಮಿತಿ ಬಿಲ್ಲಿನ ಬಲದ್ದು. ಹಲಗೆಯಿಂದ 35ರಿಂದ 45 ಪೌಂಡ್ ಎಳೆತದ (ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಬಲ) ಬಿಲ್ಲು ಆರಾಮಾಗಿ ಆಗುತ್ತದೆ. ಅದಕ್ಕಿಂತ ಮೇಲೆ ಹೋದಷ್ಟೂ ಆಯ್ಕೆಯಲ್ಲಿ ಆದ ಸಣ್ಣ ತಪ್ಪೂ ದೊಡ್ಡದಾಗುತ್ತದೆ.

ಹಸಿ ದಿಮ್ಮಿ

ದುಡ್ಡಿನ ಲೆಕ್ಕದಲ್ಲಿ ಇದು ಅಗ್ಗ, ಎಷ್ಟೋ ಸಲ ಪುಕ್ಕಟೆ. ಗಾಳಿಗೆ ಉರುಳಿದ ಮರ, ಯಾರೋ ತಮ್ಮ ಜಾಗದಿಂದ ತೆಗೆಸುತ್ತಿರುವ ಮರ, ಹೀಗೆ ಸಿಗುತ್ತದೆ. ಜಾಗದವರ ಒಪ್ಪಿಗೆ, ಬೇಕಾದಲ್ಲಿ ಕಡಿಯಲು ಪರವಾನಗಿ, ಇವು ಇಲ್ಲದೆ ಕೊಡಲಿ ಎತ್ತಬೇಡಿ. ನೆಲದ ಮೇಲೆ ವರ್ಷಗಟ್ಟಲೆ ಬಿದ್ದ ಮರವೂ ಬೇಡ. ಹೊರಗೆ ಗಟ್ಟಿ ಕಂಡರೂ ಶಿಲೀಂಧ್ರ ಒಳಗೆ ಕೆಲಸ ಶುರುಮಾಡಿರುತ್ತದೆ. ಕಡ್ಡಿ ಮುರಿಯುವ ಪರೀಕ್ಷೆಯಲ್ಲಿ ಅದು ಗೊತ್ತಾಗಿಬಿಡುತ್ತದೆ.

ಇದರ ನಿಜವಾದ ಬೆಲೆ ಸಮಯ ಮತ್ತು ಶ್ರಮ. ಅದಕ್ಕೆ ಪ್ರತಿಯಾಗಿ ಸಿಗುವುದು ಮಾತ್ರ ಹಲಗೆಯಲ್ಲಿ ಸಿಗದ್ದು: ಮರವೇ ಬೆಳೆಸಿದ, ಗರಗಸ ಮುಟ್ಟದ ಬೆನ್ನು.

15ರಿಂದ 20 ಸೆಂಟಿಮೀಟರ್ ವ್ಯಾಸ, 190 ಸೆಂಟಿಮೀಟರ್ ಉದ್ದದ ದಿಮ್ಮಿ ಅನುಕೂಲ. ತೀರಾ ಸಣ್ಣದಾದರೆ ಬೆನ್ನು ಗುಂಡಗೆ ಉಬ್ಬಿರುತ್ತದೆ. ತೀರಾ ದೊಡ್ಡದಾದರೆ ಒಬ್ಬರಿಂದ ಎತ್ತಲು, ಸೀಳಲು ಆಗುವುದಿಲ್ಲ. ನಿಂತ ಮರವಾಗಿದ್ದರೆ ತೊಗಟೆಯ ಗೀರುಗಳನ್ನು ನೋಡಿ. ಗೀರು ನೇರ ಮೇಲಕ್ಕೆ ಹೋಗಿದ್ದರೆ ಒಳಗಿನ ನಾರೂ ಸಾಮಾನ್ಯವಾಗಿ ನೇರ. ಬಳ್ಳಿಯ ಹಾಗೆ ಸುತ್ತಿಕೊಂಡಿದ್ದರೆ ಸೀಳೂ ಹಾಗೇ ತಿರುಚಿ ಬರುತ್ತದೆ. ಸ್ವಲ್ಪ ತಿರುಚಿದ್ದನ್ನು ಕಾಯಿಸಿ ನೆಟ್ಟಗೆ ಮಾಡಬಹುದು. ಮೊದಲ ಸಲಕ್ಕೆ ಆ ಗೋಜು ಬೇಡ.

ಕಡಿದ ಮೇಲೆ ಗಡಿಯಾರ ಓಡುತ್ತಿರುತ್ತದೆ. ಮರದ ತುದಿಗಳಿಂದ ನೀರು ಬದಿಗಳಿಗಿಂತ ಎಷ್ಟೋ ಪಟ್ಟು ವೇಗವಾಗಿ ಹೊರಗೆ ಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ನಡುಭಾಗ ಹಸಿಯಾಗಿಯೇ ಇರುತ್ತದೆ. ಆ ಎಳೆದಾಟದಲ್ಲಿ ಬಿರುಕು ಏಳುತ್ತದೆ. ಅದಕ್ಕೇ ಅವತ್ತೇ, ಸಾಧ್ಯವಾದರೆ ಒಂದೆರಡು ಗಂಟೆಯೊಳಗೆ, ಎರಡೂ ತುದಿಗೆ ದಪ್ಪಗೆ ಬಣ್ಣ, ಮೇಣ ಅಥವಾ ಮರದ ಅಂಟು ಬಳಿಯಬೇಕು. ಒಂದು ಕೋಟು ಸಾಲದು, ಎರಡು ಹಾಕಿ. ನಾನು ಒಮ್ಮೆ "ನಾಳೆ ಬಳಿದರಾಯಿತು" ಅಂತ ಬಿಟ್ಟೆ. ಮಾರನೇ ದಿನ ಸಂಜೆಗೆ ಒಂದು ಗೇಣು ಒಳಗಿನವರೆಗೆ ಬಿರುಕು ಹೋಗಿತ್ತು. ಅಷ್ಟುದ್ದ ಕೊಯ್ದು ಹಾಕಿದ ಮೇಲೆ ಉಳಿದದ್ದು ಮಕ್ಕಳ ಬಿಲ್ಲಿಗಷ್ಟೇ ಸಾಕಾಯಿತು.

ಆಮೇಲೆ ಸೀಳುವುದು. ಒಂದು ತುದಿಯಲ್ಲಿ ಬೆಣೆ ಹೊಡೆದು, ಬಿರುಕು ಮುಂದೆ ಹೋದಂತೆ ಬದಿಯಲ್ಲಿ ಇನ್ನೊಂದು, ಮತ್ತೊಂದು. ಎರಡು ಹೋಳು, ಆಮೇಲೆ ನಾಲ್ಕು. ಒಂದು ಒಳ್ಳೆ ದಿಮ್ಮಿಯಿಂದ ನಾಲ್ಕು ಸೀಳು ಬಂದರೆ ನಾಲ್ಕು ಬಿಲ್ಲಿಗಾಯಿತು. ತಿರುಳು ಇರುವ ಗುಂಡು ದಿಮ್ಮಿಯನ್ನು ಹಾಗೇ ಒಣಗಲು ಬಿಟ್ಟರೆ ಅದು ತಾನೇ ಎಲ್ಲೆಂದರಲ್ಲಿ ಬಿರಿಯುತ್ತದೆ. ಕನಿಷ್ಠ ಎರಡಾಗಿಯಾದರೂ ಅವತ್ತೇ ಸೀಳಿ.

ಬೆನ್ನು ಯಾವುದು ಅನ್ನುವುದು ಮರದ ಮೇಲೆ ನಿಂತಿದೆ. ಆಶ್, ಹಿಕರಿ, ಎಲ್ಮ್, ಮೇಪಲ್ ತರಹದ ಮರಗಳಲ್ಲಿ ತೊಗಟೆಯ ಕೆಳಗಿನ ಬಿಳಿ ಮರವೇ ಬೆನ್ನಾಗಬಹುದು. ತೊಗಟೆ ತೆಗೆದರೆ ಸಾಕು, ಬೆನ್ನು ಸಿದ್ಧ. ಮರ ಜೋರಾಗಿ ಬೆಳೆಯುವ ಕಾಲದಲ್ಲಿ ಕಡಿದರೆ ತೊಗಟೆ ಕೈಯಿಂದ ಎಳೆದರೂ ಕಳಚಿಕೊಂಡು ಬರುತ್ತದೆ. ಚಳಿಗಾಲದಲ್ಲಿ ಕಡಿದರೆ ಅಂಟಿಕೊಂಡಿರುತ್ತದೆ, ತಾಳ್ಮೆಯಿಂದ ಕೆರೆಯಬೇಕು. ಆದರೆ ಚಳಿಗಾಲದ ಮರ ನಿಧಾನ ಒಣಗುತ್ತದೆ, ಬಿರುಕು ಕಡಿಮೆ, ಹುಳದ ಕಾಟವೂ ಕಡಿಮೆ. ತೊಗಟೆ ತೆಗೆದ ಬೆನ್ನಿಗೂ ತೆಳುವಾಗಿ ಅಂಟೋ ಅರಗಿನ ವಾರ್ನಿಷೋ ಬಳಿಯಬೇಕು, ಇಲ್ಲದಿದ್ದರೆ ಅದೂ ಬಿರಿಯುತ್ತದೆ. ತೊಗಟೆ ಬಿಟ್ಟು ಒಣಗಿಸಿದರೆ ಬಿರುಕಿಲ್ಲ, ಆದರೆ ಅದರಡಿ ಕುಟ್ಟೆ ಹುಳ ಮನೆ ಮಾಡುತ್ತದೆ.

ಓಸೇಜ್ ಆರೆಂಜ್, ಬ್ಲ್ಯಾಕ್ ಲೋಕಸ್ಟ್ ಮರಗಳಲ್ಲಿ ಹೊರಗಿನ ಬಿಳಿ ಪದರ ತೆಗೆದು ಚೇಗಿನವರೆಗೆ, ಅಂದರೆ ಒಳಗಿನ ಗಾಢ ಬಣ್ಣದ ಮರದವರೆಗೆ, ಇಳಿಯುವುದು ರೂಢಿ. ಅಲ್ಲಿ ಒಂದೇ ಒಂದು ವರ್ಷದ ಉಂಗುರವನ್ನು ತುದಿಯಿಂದ ತುದಿಗೆ ಕಡಿಯದಂತೆ ಹಿಂಬಾಲಿಸಬೇಕು. ಪ್ರತಿ ಉಂಗುರದಲ್ಲೂ ಎರಡು ಪದರ ಇರುತ್ತದೆ. ಒಂದು ರಂಧ್ರ ತುಂಬಿದ ಟೊಳ್ಳು ಪದರ, ಇನ್ನೊಂದು ಗಟ್ಟಿ ಪದರ. ಕತ್ತಿ ಟೊಳ್ಳು ಪದರದಲ್ಲಿ ಹೋದಾಗ ಕರಕರ ಸದ್ದು ಬರುತ್ತದೆ, ಗಟ್ಟಿ ಪದರದಲ್ಲಿ ನುಣ್ಣಗೆ ಜಾರುತ್ತದೆ. ಕೆಲವು ಗಂಟೆ ಕಳೆದರೆ ಕಣ್ಣಿಗಿಂತ ಕಿವಿಯೇ ಜಾಸ್ತಿ ಹೇಳುತ್ತದೆ. ಈ ಕೆಲಸ ನನಗೆ ಬಹಳ ಇಷ್ಟ. ಆದರೆ ಮೊದಲ ಸಲ ಒಂದು ಇಡೀ ದಿನ ಬೇಕು ಅಂತ ಇಟ್ಟುಕೊಳ್ಳಿ. ಉಂಗುರ ದಪ್ಪಗಿದ್ದು, ಟೊಳ್ಳು ಪದರ ತೆಳುವಾಗಿದ್ದರೆ ಹಿಂಬಾಲಿಸುವುದು ಸುಲಭ, ಮರವೂ ಗಟ್ಟಿ. ಯೂ ಮರದಲ್ಲಿ ಇದು ಉಲ್ಟಾ. ಅದು ಸೂಚಿಪರ್ಣಿ, ಅಂದರೆ ಸೂಜಿಯಂಥ ಎಲೆಯ ಮರ. ನಿಧಾನ ಬೆಳೆದು ಉಂಗುರಗಳು ಒತ್ತೊತ್ತಾಗಿರುವುದಕ್ಕೇ ಅಲ್ಲಿ ಬೆಲೆ.

ಎಳೆ ಕಾಂಡ ಮತ್ತು ಕೊಂಬೆ

ಮಣಿಕಟ್ಟಿನಷ್ಟು ದಪ್ಪದ, ಅಂದರೆ 4ರಿಂದ 7 ಸೆಂಟಿಮೀಟರ್‌ನ ನೇರ ಕಾಂಡ. ಸೀಳುವ ಕೆಲಸವಿಲ್ಲ. ಒಂದು ಬದಿಯನ್ನು ತೊಗಟೆ ತೆಗೆದು ಬೆನ್ನಾಗಿ ಇಟ್ಟುಕೊಂಡು, ಇನ್ನೊಂದು ಬದಿಯಿಂದ ತಿರುಳು ದಾಟುವವರೆಗೆ ಕೆತ್ತುತ್ತಾ ಬರಬೇಕು. ಹೇಝಲ್ ಮರದಲ್ಲಿ ಹೀಗೆ ಮಾಡುವವರು ಬಹಳ. ಬೆನ್ನು ಉಬ್ಬಿರುವುದರಿಂದ ಹಿಗ್ಗುವ ಒತ್ತಡವೆಲ್ಲ ನಡುವಿನ ಕಿರಿದಾದ ಪಟ್ಟಿಯ ಮೇಲೆ ಬೀಳುತ್ತದೆ. ಹಾಗಾಗಿ ಉದ್ದ ಜಾಸ್ತಿ ಕೊಡಿ, ಬಲ ಕಡಿಮೆ ಇಡಿ. ತೆಳು ಇರುವುದರಿಂದ ಬೇಗ ಒಣಗುತ್ತದೆ. ಕೈ ಪಳಗಿಸಿಕೊಳ್ಳಲು ಒಳ್ಳೆ ದಾರಿ. ಅಡ್ಡ ಬೆಳೆದ ಕೊಂಬೆಗಿಂತ ನೆಟ್ಟಗೆ ಮೇಲೆದ್ದ ಕಾಂಡ ಯಾವಾಗಲೂ ಮೇಲು.

ಸಿದ್ಧ ಸೀಳು

ಯಾರೋ ಕಡಿದು, ಸೀಳಿ, ತುದಿ ಮುಚ್ಚಿ, ಒಣಗಿಸಿ ಕೊಡುವುದು ಇದು. ನೀವು ಕೊಡುವ ದುಡ್ಡು ಮರಕ್ಕಲ್ಲ, ಆ ಕಾಯುವಿಕೆಗೆ. ಈಗಾಗಲೇ ಎರಡು ಮೂರು ಬಿಲ್ಲು ಮುಗಿಸಿದವರಿಗೆ, ಒಳ್ಳೆ ಮರ ಸಿಗದ ಕಡೆ ಇರುವವರಿಗೆ ಇದು ತಕ್ಕದ್ದು. ಮೊದಲ ಬಿಲ್ಲಿಗೆ ನಾನು ಬೇಡ ಅನ್ನುತ್ತೇನೆ. ದುಬಾರಿ ಮರ ಕೈಯಲ್ಲಿದ್ದರೆ ಹೊಸಬರು ಹೆದರುತ್ತಾರೆ. ಹೆದರಿದ ಕೈ ಒಂದು ಕಡೆ ಕಡಿಮೆ ಕೆತ್ತುತ್ತದೆ, ಇನ್ನೊಂದು ಕಡೆ ಹೆಚ್ಚು.

ಕೊಳ್ಳುವಾಗ ನಾಲ್ಕು ವಿಷಯ ಕೇಳಿ. ಕಡಿದದ್ದು ಯಾವಾಗ? ಈಗ ತೇವ ಎಷ್ಟಿದೆ? ಒಂದು ತುದಿಯಿಂದ ಇನ್ನೊಂದಕ್ಕೆ ತಿರುಪು ಎಷ್ಟಿದೆ? ತುದಿಯ ಉಂಗುರಗಳ ಚಿತ್ರ ಸಿಗುತ್ತದಾ? ನನಗೆ ಒಮ್ಮೆ "ಪೂರ್ತಿ ಒಣಗಿದ್ದು" ಅಂತ ಬಂದ ಸೀಳು ಮನೆಯಲ್ಲಿ ಒಂದೇ ತಿಂಗಳಲ್ಲಿ 300 ಗ್ರಾಂ ತೂಕ ಕಳೆದುಕೊಂಡಿತು. ಅಷ್ಟು ನೀರು ಅದರೊಳಗೇ ಇತ್ತು. ಅಂದಿನಿಂದ ಎಲ್ಲಿಂದ ಬಂದ ಮರವನ್ನಾದರೂ ನಾನೇ ತೂಗಿ, ತೂಕ ಇಳಿಯುವುದು ನಿಂತ ಮೇಲೆಯೇ ಕೆಲಸ ಶುರು ಮಾಡುತ್ತೇನೆ.

ಬಿದಿರ ಬೆನ್ನು

ಬಿದಿರಿನ ಹೊರಮೈ ಹತ್ತಿರ ನಾರು ಒತ್ತೊತ್ತಾಗಿರುತ್ತದೆ. ಹಿಗ್ಗುವ ಬಲ ತಾಳುವುದರಲ್ಲಿ ಅದಕ್ಕೆ ಸಮನಾದ ಮರ ಸಿಗುವುದು ಕಷ್ಟ. ಹಾಗಾಗಿ ಬೆನ್ನಿಗೆ ತೆಳು ಬಿದಿರ ಪಟ್ಟಿ, ಹೊಟ್ಟೆಗೆ ಗಟ್ಟಿ ಮರ, ನಡುವೆ ಅಂಟು. ಹಲಗೆಯಲ್ಲಿ ನಿಮಗಿದ್ದ ದೊಡ್ಡ ಭಯ, ಅಂದರೆ ಬೆನ್ನಿನ ನಾರು ಕಡಿಯುವುದು, ಇಲ್ಲಿ ಬಹುಪಾಲು ಹೋಗುತ್ತದೆ.

ಆದರೆ ಭಾರ ಹೊಟ್ಟೆಗೆ ವರ್ಗವಾಗುತ್ತದೆ. ಬೆನ್ನು ಸ್ವಲ್ಪವೂ ಬಿಟ್ಟುಕೊಡದೇ ಇದ್ದರೆ ಹೊಟ್ಟೆ ಕುಗ್ಗಲೇಬೇಕು. ಮೆದು ಮರ ಹಾಕಿದರೆ ಹೊಟ್ಟೆಯ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳು ಏಳುತ್ತವೆ. ನಾರು ಕುಸಿದ ಗುರುತು ಅವು. ಅದಕ್ಕೇ ಇಪೆ (ದಕ್ಷಿಣ ಅಮೆರಿಕದ ಒಂದು ಮರ), ಓಸೇಜ್ ತರಹದ ಭಾರಿ ಮರಗಳನ್ನು ಬಿದಿರಿನ ಜೊತೆ ಕೂಡಿಸುವುದು. ಪಟ್ಟಿಯನ್ನು ನಡುವಿನಲ್ಲಿ ಸುಮಾರು 3 ಮಿಲಿಮೀಟರ್‌ಗೆ ಇಳಿಸಿ, ತುದಿಗಳ ಕಡೆ ಇನ್ನೂ ತೆಳು ಮಾಡಿ. ಕೆತ್ತುವುದೆಲ್ಲ ಒಳಬದಿಯಿಂದ. ಹೊರಮೈಯ ನಾರನ್ನು, ಗಿಣ್ಣುಗಳನ್ನು ಮುಟ್ಟಬಾರದು.

ಬಿದಿರನ್ನು ಆರಿಸುವಾಗ ಬೆಳೆದದ್ದನ್ನೇ ಆರಿಸಿ. ಮೂರು ನಾಲ್ಕು ವರ್ಷ ದಾಟಿದ ಗಳ ಗಟ್ಟಿ. ಎಳೆಯದು ಒಣಗುವಾಗ ಸುಕ್ಕುತ್ತದೆ. ಬಿದಿರಿನಲ್ಲಿ ಪಿಷ್ಟ ಇರುವುದರಿಂದ ಕುಟ್ಟೆ ಹಿಡಿಯುವುದು ಬಹಳ ಬೇಗ. ಕೆಳಗೆ ನುಣ್ಣನೆ ಹಿಟ್ಟಿನಂಥ ಪುಡಿ ಉದುರಿದ್ದರೆ ಆ ಗಳವನ್ನು ಉಳಿದ ಮರದ ಹತ್ತಿರವೂ ಇಡಬೇಡಿ.

ಈ ದಾರಿಗೆ ಸಮಯಕ್ಕಿಂತ ಸಾಮಾನು ಜಾಸ್ತಿ ಬೇಕು. ಎರಡು ಮೇಲ್ಮೈಗಳೂ ಬೆಳಕು ನುಸುಳದಂತೆ ಕೂರಬೇಕು. ಅದಕ್ಕೆ ಒಳ್ಳೆ ಕೀಸುಳಿ ಬೇಕು. ಅಂಟು ಹಾಕಿದ ಮೇಲೆ ಉದ್ದಕ್ಕೂ ಬಿಗಿಯಲು ಹತ್ತಿಪ್ಪತ್ತು ಕ್ಲ್ಯಾಂಪ್ ಬೇಕು, ಇಲ್ಲವೇ ಸೈಕಲ್ ಟ್ಯೂಬ್ ಪಟ್ಟಿಯನ್ನು ಬಿಗಿಯಾಗಿ ಸುತ್ತಬೇಕು. ಅಂಟುವ ಮೊದಲು ಬಿದಿರು, ಮರ ಎರಡೂ ಒಂದೇ ಕೋಣೆಯಲ್ಲಿ ಕೆಲವು ವಾರ ಇದ್ದು ತೇವ ಸಮ ಆಗಿರಬೇಕು. ಬಡಗಿ ಕೆಲಸ ಗೊತ್ತಿರುವವರಿಗೆ ಇದು ಮೊದಲ ಬಿಲ್ಲಿಗೂ ಸರಿ. ಕೀಸುಳಿ ಹಿಡಿದೇ ಇಲ್ಲದವರಿಗೆ ಅಲ್ಲ.

ಒಣಗಿಸುವುದರಲ್ಲೂ ಆಯ್ಕೆ ಇದೆ

ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಸೀಳನ್ನು ಇಡಿಯಾಗಿ ನೆರಳಲ್ಲಿ, ಗಾಳಿ ಆಡುವ ಕಡೆ, ನೆಲಕ್ಕೆ ತಾಗದಂತೆ ಇಟ್ಟರೆ ಅದು ಸರಿಯೇ. ಹತ್ತು ಸೀಳು ಇಟ್ಟುಕೊಂಡು ವರ್ಷಕ್ಕೆ ಎರಡು ಬಿಲ್ಲು ಮಾಡುವವರಿಗೆ ಇದಕ್ಕಿಂತ ನಿಶ್ಚಿಂತೆಯ ದಾರಿಯಿಲ್ಲ.

ಬೇಗ ಬೇಕಾದವರಿಗೆ ಇನ್ನೊಂದು ದಾರಿ. ಹಸಿಯಿದ್ದಾಗಲೇ ಬಿಲ್ಲಿನ ಒರಟು ಆಕಾರ ಕೊಡಿ. ತೋಳುಗಳು ಸುಮಾರು 2 ಸೆಂಟಿಮೀಟರ್ ದಪ್ಪಕ್ಕೆ ಬರಲಿ. ಹಸಿ ಮರವನ್ನು ಕೆತ್ತುವುದು ಸುಲಭ ಕೂಡ. ಆಮೇಲೆ ಅದನ್ನು ಒಂದು ನೇರ ದಿಂಡಿಗೆ ಬಿಗಿದು ಕಟ್ಟಿ, ಇಲ್ಲದಿದ್ದರೆ ಒಣಗುವಾಗ ಸೊಟ್ಟಗಾಗುತ್ತದೆ. ಹಿಡಿಯ ಭಾಗ ದಪ್ಪ ಇರುವುದರಿಂದ ಬಿರಿಯುವುದು ಅಲ್ಲೇ. ಅಲ್ಲಿಗೂ ಅಂಟು ಬಳಿಯಿರಿ. ಮೊದಲ ಎರಡು ಮೂರು ವಾರ ತಂಪು ನೆರಳಲ್ಲೇ ಇರಲಿ. ಹೀಗೆ ಮಾಡಿದರೆ ವರ್ಷಗಳ ಕೆಲಸ ಎರಡು ಮೂರು ತಿಂಗಳಿಗೆ ಇಳಿಯುತ್ತದೆ. ಇದರ ಅಪಾಯ ಒಂದೇ: ಬಿರಿದರೆ ಇಡೀ ಬಿಲ್ಲೇ ಹೋಗುತ್ತದೆ. ದಪ್ಪ ಸೀಳಿನಲ್ಲಾದರೆ ಬಿರುಕನ್ನು ತಪ್ಪಿಸಿ ಕೆತ್ತುವ ಜಾಗ ಇರುತ್ತದೆ.

ಮೂರನೆಯದು ಬಿಸಿ ಪೆಟ್ಟಿಗೆ. ಉದ್ದದ ಡಬ್ಬದಲ್ಲಿ ಒಂದೆರಡು ಬಿಸಿಯಾಗುವ ಬಲ್ಬು, ಗಾಳಿಗೆ ತೂತು, ಒಳಗೆ 38ರಿಂದ 40 ಡಿಗ್ರಿ ಸೆಲ್ಸಿಯಸ್. ಹಸಿ ಮರವನ್ನು ಇದರೊಳಗೆ ಇಡಲೇಬೇಡಿ. ನೆರಳಲ್ಲಿ ಆಗುವಷ್ಟು ಒಣಗಿ ನಿಂತ ಮರವನ್ನು ಕೊನೆಯ ಹದಕ್ಕೆ ತರಲು ಮಾತ್ರ ಇದು. ನೀವಿರುವ ಕಡೆ ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಇದು ಬೇಕೇ ಬೇಕಾಗುತ್ತದೆ. ಗಾಳಿಯ ತೇವ ಶೇಕಡಾ 50 ಇದ್ದಾಗ ಮರದ ತೇವ ಸುಮಾರು 9ಕ್ಕೆ ನಿಲ್ಲುತ್ತದೆ. ಗಾಳಿಯದ್ದು 65 ಆದರೆ ಮರದ್ದು 12. ಗಾಳಿಯದ್ದು 80 ಆದರೆ ಮರದ್ದು 16. ಅಲ್ಲಿ ಹತ್ತು ವರ್ಷ ಇಟ್ಟರೂ ಅದಕ್ಕಿಂತ ಕೆಳಗಿಳಿಯುವುದಿಲ್ಲ. ಮಳೆಗಾಲದಲ್ಲಿ ಮಾಡಿದ ಬಿಲ್ಲು ಬೇಗ ಬಾಗಿ ಕೂರುವುದು ಇದರಿಂದಲೇ.

ಒಣಗಿತು ಅಂತ ತಿಳಿಯುವುದಕ್ಕೆ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ, ತಾರೀಖು ಮತ್ತು ಗ್ರಾಂ ಎರಡನ್ನೂ ಮರದ ಮೇಲೇ ಪೆನ್ಸಿಲ್‌ನಿಂದ ಬರೆಯಿರಿ. ತೂಕ ಇಳಿಯುವುದು ನಿಂತರೆ ಮರ ಆ ಜಾಗದ ಗಾಳಿಗೆ ಹೊಂದಿಕೊಂಡಿದೆ ಅಂತ. ನಿಖರ ಅಂಕೆ ಬೇಕಾದರೆ ಅದೇ ಸೀಳಿನ ಒಂದು ಚೂರನ್ನು ತೂಗಿ, 103 ಡಿಗ್ರಿ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. 46 ಗ್ರಾಂ ಇದ್ದದ್ದು 42 ಆಯಿತು ಅನ್ನಿ. ಹೋದ ನೀರು 4 ಗ್ರಾಂ. ಅದನ್ನು 42ರಿಂದ ಭಾಗಿಸಿದರೆ ಶೇಕಡಾ 9.5. ಹದ ಸರಿಯಾಗಿದೆ. ಚೂರನ್ನು ತುದಿಯಿಂದ ತೆಗೆಯಬೇಡಿ, ತುದಿ ಯಾವಾಗಲೂ ಹೆಚ್ಚು ಒಣಗಿರುತ್ತದೆ.

ಈಗ ಮರದ ಹೆಸರು

ಯೂ ಮರದ ಕೀರ್ತಿ ಸುಮ್ನೆ ಬಂದದ್ದಲ್ಲ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಉದ್ದ ಬಿಲ್ಲುಗಳು ಯೂ ಮರದ್ದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ಬಳಿ ಇದ್ದ ಸುಮಾರು 1.8 ಮೀಟರ್ ಉದ್ದದ ಬಿಲ್ಲೂ ಯೂ. ಅದು ಇನ್ನೂ ಪೂರ್ತಿ ಕೆತ್ತಿ ಮುಗಿದಿರಲಿಲ್ಲ. ಯೂ ಮರದ ಬಿಳಿ ಪದರ ಹಿಗ್ಗಲು, ಚೇಗು ಕುಗ್ಗಲು ಹೇಳಿ ಮಾಡಿಸಿದಂತಿದೆ. ಆದರೆ ಗಂಟು ಜಾಸ್ತಿ, ನೇರ ಮರ ಅಪರೂಪ, ದುಬಾರಿ. ಎಲೆ, ಬೀಜ, ಮರ ಎಲ್ಲ ವಿಷ. ಅದರ ಪುಡಿ ಏಳುವ ಕೆಲಸವನ್ನು ಮಾಸ್ಕ್ ಇಲ್ಲದೆ ಮಾಡಬೇಡಿ.

ಇದನ್ನು ಓದಿ ಯೂ ಸಿಗದವರು ಬೇಸರ ಮಾಡಿಕೊಳ್ಳಬಾರದು. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗು ನೆಲದಲ್ಲಿ ಸಿಕ್ಕ ಬಿಲ್ಲುಗಳು ಸುಮಾರು 9,000 ವರ್ಷ ಹಳೆಯವು. ಅವು ಎಲ್ಮ್ ಮರದ್ದು. ಯೂ ಮರಕ್ಕಿಂತ ಹಗುರವಾದ ಮರ. ತೋಳುಗಳನ್ನು ಅಗಲ, ಚಪ್ಪಟೆ ಮಾಡಿ ಅವರು ಅದನ್ನು ಸರಿದೂಗಿಸಿದರು. ಕೈಗೆ ಸಿಕ್ಕ ಮರಕ್ಕೆ ತಕ್ಕ ಅಗಲ ಕೊಡುವ ಜಾಣತನ ಅಷ್ಟು ಹಿಂದೆಯೇ ಇತ್ತು.

ಅದೇ ಲೆಕ್ಕ ಇವತ್ತಿಗೂ ನಡೆಯುತ್ತದೆ. ಘನ ಮೀಟರಿಗೆ ಸುಮಾರು 850 ಕಿಲೋ ತೂಗುವ ಓಸೇಜ್ ಆರೆಂಜ್‌ಗೆ 3.5 ಸೆಂಟಿಮೀಟರ್ ಅಗಲ ಸಾಕು. ಸುಮಾರು 800 ಕಿಲೋದ ಹಿಕರಿ ಬೆನ್ನಲ್ಲಿ ಬಹಳ ಗಟ್ಟಿ, ಹೊಟ್ಟೆಯಲ್ಲಿ ಅಷ್ಟಲ್ಲ. ತೇವವನ್ನೂ ಬೇಗ ಹೀರುತ್ತದೆ, ಒಣ ಹವೆಯ ಕಡೆ ಚೆನ್ನಾಗಿ ನಡೆಯುತ್ತದೆ. 700 ಕಿಲೋ ಆಸುಪಾಸಿನ ಆಶ್, ಗಟ್ಟಿ ಮೇಪಲ್, ರೆಡ್ ಓಕ್‌ಗೆ 4.5ರಿಂದ 5 ಸೆಂಟಿಮೀಟರ್ ಅಗಲ ಕೊಡಿ. ಇವು ಹಲಗೆಯಾಗಿ ಸಿಗುವುದೂ ಜಾಸ್ತಿ. ಈ ಪಟ್ಟಿಯಲ್ಲಿ ಇಲ್ಲದ ಮರ ನಿಮ್ಮ ಕಡೆ ಇದ್ದರೆ, ಒಣಗಿದ ಒಂದು ಚೌಕ ತುಂಡಿನ ತೂಕ ಮತ್ತು ಅಳತೆ ತೆಗೆದು ಸಾಂದ್ರತೆ ಲೆಕ್ಕ ಹಾಕಿ. ಕಡ್ಡಿ ಮುರಿದು ನೋಡಿ. ಎರಡರಲ್ಲೂ ಪಾಸಾದರೆ ಅಗಲವಾದ ಬಿಲ್ಲಾಗಿ ಪ್ರಯತ್ನಿಸಲು ಧೈರ್ಯ ಮಾಡಬಹುದು.

ಹಾಗಾದರೆ ನೀವು?

ಮೊದಲ ಬಿಲ್ಲು, ಕಡಿಮೆ ಸಾಮಾನು, ಈ ತಿಂಗಳೇ ಬಾಣ ಬಿಡಬೇಕು ಅಂದರೆ ಹಲಗೆ. ಒಂದು ಮಧ್ಯಾಹ್ನ ಪೂರ್ತಿ ಹಲಗೆ ಆರಿಸುವುದಕ್ಕೇ ಇಡಿ. ಸಿಗದಿದ್ದರೆ ಬರಿಗೈಯಲ್ಲಿ ವಾಪಸ್ ಬನ್ನಿ, ಪರವಾಗಿಲ್ಲ.

ದುಡ್ಡಿಲ್ಲ, ಸಮಯ ಇದೆ, ಮೈಯಲ್ಲಿ ಶಕ್ತಿ ಇದೆ ಅಂದರೆ ಹಸಿ ದಿಮ್ಮಿ. ಅದು ಒಣಗುವ ಹೊತ್ತಿಗೆ ಒಂದೆರಡು ಎಳೆ ಕಾಂಡದ ಬಿಲ್ಲು ಮಾಡಿ ಕೈ ಪಳಗಿಸಿ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಕಲಿಸುವ ದಾರಿ ಇದೇ. 50 ಪೌಂಡ್‌ಗಿಂತ ಮೇಲಿನ ಬಿಲ್ಲು ಬೇಕೆನ್ನುವವರು ಸೀಳಿದ ಮರ ಅಥವಾ ಬಿದಿರ ಬೆನ್ನು, ಎರಡರಲ್ಲಿ ಒಂದನ್ನು ಆರಿಸಿ. ತೇವದ ಹವೆಯಲ್ಲಿರುವವರಿಗೆ ಬಿಸಿ ಪೆಟ್ಟಿಗೆಯೇ ಮೊದಲ ಖರ್ಚು, ಮರ ಆಮೇಲೆ. ದುಡ್ಡಿದ್ದೂ ಅನುಭವ ಇಲ್ಲದವರು ಒಂದು ಸಿದ್ಧ ಸೀಳು ಕೊಂಡು, ಅದನ್ನು ಹಾಗೇ ನೆರಳಲ್ಲಿಟ್ಟು, ಅದನ್ನು ಮುಟ್ಟುವ ಮೊದಲು ಮೂರು ಹಲಗೆಗಳನ್ನು ಕೆತ್ತಿ ಮುಗಿಸಿ.

ಯಾವುದೇ ಆರಿಸಿ, ಬಿಲ್ಲಿನ ಉದ್ದದಲ್ಲಿ ಜಿಪುಣತನ ಬೇಡ. 70 ಸೆಂಟಿಮೀಟರ್ ಎಳೆಯುವವರಿಗೆ 165ರಿಂದ 170 ಸೆಂಟಿಮೀಟರ್ ಬಿಲ್ಲು ಇರಲಿ. ಗಂಟಿಲ್ಲದ 190 ಸೆಂಟಿಮೀಟರ್ ಸಿಕ್ಕರೆ ತುದಿಯ ಬಿರುಕು ಕೊಯ್ದು ಹಾಕಿದ ಮೇಲೂ ಅಷ್ಟು ಉಳಿಯುತ್ತದೆ.